ಹಳೆಯ ಬ್ರಿಟಿಷ್ ನಾಣ್ಯಗಳ ಡಬ್ಬಿಯೊಂದು ಕೈಸೇರಿದೆ: ಮಾರಬೇಕೇ, ಇಟ್ಟುಕೊಳ್ಳಬೇಕೇ?

ಸುಮಂತ
ಎಲ್ಲರಿಗೂ ನಮಸ್ಕಾರ. ನಾಣ್ಯ ಸಂಗ್ರಹದ ವಿಷಯದಲ್ಲಿ ನಾನು ತೀರಾ ಹೊಸಬ. ಇಲ್ಲಿ ಬ್ರಿಟನ್ನಿನಲ್ಲಿ, ನಮ್ಮ ಬೀದಿಯಲ್ಲಿ ಮನೆ ಮಾರಿ ಮಗಳ ಊರಿಗೆ ಹೊರಟಿದ್ದ ಹಿರಿಯರೊಬ್ಬರು, ತಮ್ಮ ತಂದೆಯ ಕಾಲದಿಂದ ಕೂಡಿಟ್ಟಿದ್ದ ನಾಣ್ಯಗಳ ತಗಡಿನ ಡಬ್ಬಿಯನ್ನು ನನಗೆ ಮಾರಿದ್ದಾರೆ. ಅದರಲ್ಲಿದ್ದ ಒಂದೇ ಒಂದು ಚಿನ್ನದ ಸಾವರಿನ್‌ಗೆ ಅಂದಿನ ಚಿನ್ನದ ದರವನ್ನೇ ಪಡೆದರು. ಉಳಿದದ್ದಕ್ಕೆಲ್ಲ ಸೇರಿಸಿ ಒಂದು ಮೊತ್ತ ಹೇಳಿದರು, ನಾನು ಚೌಕಾಸಿ ಮಾಡದೆ ಕೊಟ್ಟೆ.

ಡಬ್ಬಿಯಲ್ಲಿ ವಿಕ್ಟೋರಿಯಾ ರಾಣಿಯಿಂದ ಆರನೇ ಜಾರ್ಜ್‌ವರೆಗಿನ ಕಂಚಿನ ಪೆನ್ನಿಗಳೇ ಹೆಚ್ಚು. 1920ರಿಂದ 1940ರ ದಶಕದವರೆಗಿನ ಹಾಫ್ ಕ್ರೌನ್‌ಗಳು, ಕೆಲವು ಷಿಲಿಂಗ್‌ಗಳು, ಚರ್ಚಿಲ್ ಅವರ ಮುಖವಿರುವ 1965ರ ದೊಡ್ಡ ನಾಣ್ಯ, ಮತ್ತು 1887ರ ಒಂದು ದೊಡ್ಡ ಬೆಳ್ಳಿ ನಾಣ್ಯ ಇವೆ. ಈ ಕೊನೆಯದು ಕ್ರೌನ್ ಎಂದು ನನ್ನ ಊಹೆ. ಸಾವರಿನ್ 1911ರದ್ದು, ಅದರ ಮೇಲಂಚಿನಲ್ಲಿ ಹಿಂದೆ ಕೊಂಡಿ ಬೆಸೆದಿದ್ದಂತೆ ಒಂದು ಗುರುತಿದೆ.

ಪೇಟೆಯ ವ್ಯಾಪಾರಿಯೊಬ್ಬರು ಬೆಳ್ಳಿಯನ್ನು ತೂಕದ ಮೇಲೆ, ಪೆನ್ನಿಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವುದಾಗಿ ಹೇಳಿದರು. ಆದರೆ ಬೆಲೆಪಟ್ಟಿಯ ಪುಸ್ತಕ ತೆರೆದರೆ ಇವೇ ನಾಣ್ಯಗಳ ಮುಂದೆ ಹತ್ತಾರು ಪೌಂಡುಗಳು ಕಾಣುತ್ತವೆ. ಈ ಅಂತರಕ್ಕೆ ಕಾರಣವೇನು? ಕಪ್ಪಾದವುಗಳನ್ನು ತೊಳೆದು ಹೊಳಪು ತಂದರೆ ಬೆಲೆ ಏರುತ್ತದೆಯೇ? ಕೆಲವನ್ನು ಇಟ್ಟುಕೊಂಡು ಸಂಗ್ರಹ ಆರಂಭಿಸುವ ಆಸೆಯೂ ಇದೆ. ಬಲ್ಲವರು ದಾರಿ ತೋರಿಸಬೇಕು.

ಹಳೇಪೆನ್ನಿ
ದಯವಿಟ್ಟು ಯಾವುದನ್ನೂ ತೊಳೆಯಬೇಡಿ. ಹುಳಿ ಹಚ್ಚಿ ಉಜ್ಜುವುದು, ಟೂತ್‌ಪೇಸ್ಟ್, ಬೆಳ್ಳಿ ತೊಳೆಯುವ ದ್ರಾವಣ ಎಲ್ಲವೂ ನಿಷಿದ್ಧ. ನೂರು ವರ್ಷಗಳಲ್ಲಿ ನಾಣ್ಯದ ಮೇಲೆ ತಾನಾಗಿ ಕೂತ ಕಪ್ಪು ಅಥವಾ ಕಂದು ಪದರಕ್ಕೆ ಸಂಗ್ರಾಹಕರು ಹಣ ಕೊಡುತ್ತಾರೆ. ಉಜ್ಜಿದ ನಾಣ್ಯವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಒಂದೇ ದಿಕ್ಕಿನಲ್ಲಿ ಓಡುವ ಸಣ್ಣ ಗೀರುಗಳು ಕಾಣುತ್ತವೆ, ಮತ್ತು ಅವನ್ನು ಅಳಿಸುವ ಉಪಾಯ ಯಾರ ಬಳಿಯೂ ಇಲ್ಲ. ಅಂಟು ಅಥವಾ ಎಣ್ಣೆ ಜಿಡ್ಡು ಇದ್ದರೆ ಮಾತ್ರ, ಗಾಳಿಯಾಡುವ ಕಡೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ, ಒರೆಸದೆ ಒಣಗಲು ಬಿಡಬಹುದು. ಅದು ಲೋಹವನ್ನು ಮುಟ್ಟುವುದಿಲ್ಲ.

ತಕ್ಕಡಿ
ಬೆಳ್ಳಿಯ ಲೆಕ್ಕವನ್ನು ನಾನು ಹೇಳುತ್ತೇನೆ. ಇದರಲ್ಲಿ ಎರಡು ಗಡಿ ವರ್ಷಗಳನ್ನು ನೆನಪಿಟ್ಟುಕೊಂಡರೆ ಸಾಕು. 1919 ಮತ್ತು ಅದಕ್ಕೂ ಹಿಂದಿನ ಷಿಲಿಂಗ್, ಫ್ಲೋರಿನ್ (ಎರಡು ಷಿಲಿಂಗ್), ಹಾಫ್ ಕ್ರೌನ್ (ಎರಡೂವರೆ ಷಿಲಿಂಗ್) ನಾಣ್ಯಗಳಲ್ಲಿ ಶೇಕಡಾ 92.5 ಬೆಳ್ಳಿ ಇರುತ್ತದೆ. ಮೊದಲ ಮಹಾಯುದ್ಧದ ನಂತರ ಬೆಳ್ಳಿಯ ದರ ನಾಣ್ಯದ ಮುಖಬೆಲೆಯನ್ನೇ ಮೀರಿದ್ದರಿಂದ 1920ರಲ್ಲಿ ಅದನ್ನು ಶೇಕಡಾ 50ಕ್ಕೆ ಇಳಿಸಿದರು. 1947ರಿಂದ ಚಲಾವಣೆಯ ನಾಣ್ಯಗಳಲ್ಲಿ ಬೆಳ್ಳಿಯೇ ಇಲ್ಲ, ಅವು ತಾಮ್ರ ಮತ್ತು ನಿಕ್ಕಲ್‌ನವು. ಕಾರಣ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಪಡೆದ ಬೆಳ್ಳಿಯನ್ನು ಹಿಂದಿರುಗಿಸುವ ಹೊಣೆ ಬ್ರಿಟನ್ನಿನ ಮೇಲಿತ್ತು.

ಹಾಫ್ ಕ್ರೌನ್ ತೂಕ 14.14 ಗ್ರಾಂ. ಎಂಟು ಹಾಫ್ ಕ್ರೌನ್ ಸೇರಿದರೆ ಹಳೆಯ ಲೆಕ್ಕದಲ್ಲಿ ಒಂದು ಪೌಂಡು, ಅಂದರೆ 20 ಷಿಲಿಂಗ್; ತೂಕ ಸುಮಾರು 113 ಗ್ರಾಂ. 1920ರಿಂದ 1946ರವರೆಗಿನವಾದರೆ ಅದರಲ್ಲಿ ಶುದ್ಧ ಬೆಳ್ಳಿ 56.5 ಗ್ರಾಂ, ಅದಕ್ಕೂ ಹಿಂದಿನವಾದರೆ 104.6 ಗ್ರಾಂ. ಷಿಲಿಂಗ್ (5.66 ಗ್ರಾಂ), ಫ್ಲೋರಿನ್ (11.31 ಗ್ರಾಂ) ಕೂಡ ಇದೇ ಅನುಪಾತದಲ್ಲಿರುವುದರಿಂದ, ಮುಖಬೆಲೆ ಕೂಡಿಸಿದರೆ ಬೆಳ್ಳಿಯ ಲೆಕ್ಕ ಸಿಗುತ್ತದೆ. ಮಾರುವ ದಿನದ ಬೆಳ್ಳಿ ದರದಿಂದ ಗುಣಿಸಿ, ವ್ಯಾಪಾರಿ ಹೇಳಿದ ಮೊತ್ತದೊಂದಿಗೆ ಹೋಲಿಸಿ ನೋಡಿ. ಸವೆದ ಹಾಫ್ ಕ್ರೌನ್‌ಗಳಿಗೆ ಇದರಾಚೆ ಬೆಲೆಯಿಲ್ಲ, ಸುಮ್ಮನೆ ಕನಸು ಕಾಣಬೇಡಿ.

ವನಜಾ ರಾವ್
ತಕ್ಕಡಿಯವರೇ, ಕೊನೆಯ ಮಾತನ್ನು ಒಪ್ಪಲಾರೆ. ಇಸವಿ ನೋಡದೆ ಬೆಳ್ಳಿಯನ್ನು ತೂಗುವುದು ವ್ಯಾಪಾರಿಗೆ ಅನುಕೂಲ, ಮಾರುವವರಿಗಲ್ಲ. 1905ರ ಹಾಫ್ ಕ್ರೌನ್ ಎಷ್ಟು ಸವೆದಿದ್ದರೂ ಬೆಳ್ಳಿಯ ದರಕ್ಕಿಂತ ಬಹಳ ಮೇಲೆ ಮಾರಾಟವಾಗುತ್ತದೆ. ಐದನೇ ಜಾರ್ಜ್ ಕಾಲದ 1925 ಮತ್ತು 1930ರ ಹಾಫ್ ಕ್ರೌನ್‌ಗಳೂ ಉಳಿದ ವರ್ಷಗಳಿಗಿಂತ ವಿರಳ. ಸುಮಂತ್ ಅವರೇ, ನಿಮ್ಮ ಹಾಫ್ ಕ್ರೌನ್‌ಗಳನ್ನು ಮೊದಲು ಇಸವಿಯ ಪ್ರಕಾರ ಸಾಲಾಗಿ ಇಡಿ, ಆಮೇಲೆ ತಕ್ಕಡಿ ತೆಗೆಯಿರಿ.

ತಕ್ಕಡಿ
1905ರದ್ದು ಡಬ್ಬಿಯಲ್ಲಿ ಸಿಗುವುದು ಲಾಟರಿ ಹೊಡೆದಂತೆ. ಸಿಕ್ಕರೂ ಮೊದಲು ಅದು ಖೋಟಾ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ನಕಲು ಮಾಡುವವರಿಗೂ ಆ ಇಸವಿ ಚೆನ್ನಾಗಿ ಗೊತ್ತು. 1925 ಮತ್ತು 1930ರ ವಿಷಯದಲ್ಲಿ ನಿಮ್ಮ ಮಾತು ಸರಿ.

ಮೂರ್ತಿ, ಮಿಡ್‌ಲ್ಯಾಂಡ್ಸ್
ಹಾಫ್ ಕ್ರೌನ್‌ಗಳನ್ನು ಕರಗಿಸಿ ಬೆಳ್ಳಿಯ ಗಟ್ಟಿ ಮಾಡಿಸಿಕೊಂಡರೆ ವ್ಯಾಪಾರಿಯ ಹಂಗೇ ಇರುವುದಿಲ್ಲವಲ್ಲ?

ಲೆಕ್ಕಿಗ
ಮೂರ್ತಿಯವರೇ, ಅದು ಕಾನೂನಿಗೆ ವಿರುದ್ಧ. ಬ್ರಿಟನ್ನಿನ 1971ರ ನಾಣ್ಯ ಕಾಯ್ದೆಯ 10ನೇ ಕಲಮಿನ ಪ್ರಕಾರ, ಈಗ ಚಲಾವಣೆಯಲ್ಲಿರುವ ಅಥವಾ 16 ಮೇ 1969ರ ನಂತರ ಚಲಾವಣೆಯಿಂದ ಹೊರಬಿದ್ದ ಲೋಹದ ನಾಣ್ಯವನ್ನು ಖಜಾನೆ ಇಲಾಖೆಯ ಪರವಾನಗಿ ಇಲ್ಲದೆ ಕರಗಿಸುವಂತಿಲ್ಲ, ಒಡೆಯುವಂತಿಲ್ಲ. ಹಾಫ್ ಕ್ರೌನ್ ಚಲಾವಣೆ ನಿಂತದ್ದು 1969ರ ಕೊನೆಯ ದಿನ, ಹಾಗಾಗಿ ಅದು ಈ ವ್ಯಾಪ್ತಿಯೊಳಗೆ ಬರುತ್ತದೆ. ಷಿಲಿಂಗ್ 5 ಪೆನ್ಸ್ ಆಗಿ 1990ರ ಕೊನೆಯವರೆಗೂ, ಫ್ಲೋರಿನ್ 10 ಪೆನ್ಸ್ ಆಗಿ 1993ರ ಜೂನ್‌ವರೆಗೂ ಜೇಬಿನಲ್ಲಿ ಓಡಾಡಿದವು, ಅವೂ ಹಾಗೆಯೇ. ಬೆಳ್ಳಿಯ ಲೆಕ್ಕದಲ್ಲಿ ಕೊಳ್ಳುವವರಿಗೂ ಇಡಿಯ ನಾಣ್ಯವನ್ನೇ ಮಾರಬೇಕು.

ಅಂಚುಗೆರೆ
1887ರ ದೊಡ್ಡ ನಾಣ್ಯದ ಬಗ್ಗೆ ಯಾರೂ ಕೇಳಲಿಲ್ಲ. ಸುಮಂತ್ ಅವರೇ, ಅದರ ಹಿಂಬದಿಯಲ್ಲಿ ಕುದುರೆಯ ಮೇಲೆ ಕೂತು ಸರ್ಪವನ್ನು ಕೊಲ್ಲುವ ಸಂತ ಜಾರ್ಜ್ ಇದ್ದಾನೆಯೇ, ಅಥವಾ ಶಿಲುಬೆಯಾಕಾರದಲ್ಲಿ ಜೋಡಿಸಿದ ನಾಲ್ಕು ಗುರಾಣಿಗಳಿವೆಯೇ? ತೂಕ ಮತ್ತು ಅಡ್ಡಳತೆಯನ್ನೂ ತಿಳಿಸಿ.

ಸುಮಂತ
ಗುರಾಣಿಗಳು, ನಡುವೆ ರಾಜದಂಡಗಳು. ಅಡುಗೆಮನೆಯ ತಕ್ಕಡಿಯಲ್ಲಿ 23 ಗ್ರಾಂ ತೋರಿಸುತ್ತಿದೆ. ಅಡ್ಡಳತೆ 36 ಮಿಲಿಮೀಟರ್.

ಅಂಚುಗೆರೆ
ಹಾಗಾದರೆ ಅದು ಕ್ರೌನ್ ಅಲ್ಲ, ಡಬಲ್ ಫ್ಲೋರಿನ್. ಐದು ಷಿಲಿಂಗ್‌ನ ಕ್ರೌನ್ 28.28 ಗ್ರಾಂ ತೂಗುತ್ತದೆ, ಅಡ್ಡಳತೆ 38 ಮಿಲಿಮೀಟರಿಗೂ ಹೆಚ್ಚು. ನಿಮ್ಮದು ನಾಲ್ಕು ಷಿಲಿಂಗ್‌ನದು, ಸರಿಯಾದ ತೂಕ 22.62 ಗ್ರಾಂ. 1887ರಿಂದ 1890ರವರೆಗೆ ಮಾತ್ರ ಅಚ್ಚಾದ ಈ ನಾಣ್ಯದ ಮೇಲೆ ಮುಖಬೆಲೆಯೇ ಇರಲಿಲ್ಲ, ಕ್ರೌನ್ ಮೇಲೂ ಇರಲಿಲ್ಲ. ಮಬ್ಬು ಬೆಳಕಿನ ಪಬ್‌ಗಳಲ್ಲಿ ಕೆಲಸದ ಹೆಣ್ಣುಮಕ್ಕಳು ಇದನ್ನು ಕ್ರೌನ್ ಎಂದು ತಿಳಿದು ಒಂದು ಷಿಲಿಂಗ್ ಹೆಚ್ಚು ಚಿಲ್ಲರೆ ಕೊಟ್ಟು ನಷ್ಟ ಅನುಭವಿಸುತ್ತಿದ್ದರಂತೆ. ಜನ ಇದನ್ನು ‘ಪಬ್ಬಿನ ಹುಡುಗಿಯರ ಶಾಪ’ ಎಂಬರ್ಥದ ಅಡ್ಡಹೆಸರಿನಿಂದಲೇ ಕರೆದರು.

ಇನ್ನೊಂದು ಸಣ್ಣ ವಿಷಯ ನೋಡಿ. 1887ರ ಡಬಲ್ ಫ್ಲೋರಿನ್‌ನಲ್ಲಿ ಇಸವಿಯ ಮೊದಲ ಅಂಕಿ ಕೆಲವದರಲ್ಲಿ ರೋಮನ್ ಅಕ್ಷರದಂತೆ ನೇರ ಕಂಬವಾಗಿದೆ, ಕೆಲವದರಲ್ಲಿ ನಾವು ಬರೆಯುವ ಒಂದರಂತೆ ಮೇಲೆ ಸಣ್ಣ ಕೊಕ್ಕೆಯಿದೆ. ಎರಡನ್ನೂ ಬೆಲೆಪಟ್ಟಿಗಳು ಬೇರೆ ಬೇರೆ ಸಾಲಿನಲ್ಲಿ ಕೊಡುತ್ತವೆ. 1888ರ ಕೆಲವು ನಾಣ್ಯಗಳಲ್ಲಿ ರಾಣಿಯ ಹೆಸರಿನ ಎರಡನೇ ‘ಐ’ ಅಕ್ಷರದ ಜಾಗದಲ್ಲಿ ತಲೆಕೆಳಗಾದ ಒಂದರ ಅಂಕಿ ಕೂತಿದೆ. ಇಂಥ ನಾಣ್ಯವನ್ನು ಎಂದಿಗೂ ತೂಕಕ್ಕೆ ಕೊಡಬೇಡಿ. ಮತ್ತು ಅಡುಗೆಮನೆಯ ತಕ್ಕಡಿ ಈ ಕೆಲಸಕ್ಕೆ ಸಾಲದು; 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಒಂದು ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕೊಳ್ಳಿ. ಮೊದಲ ನಾಣ್ಯಕ್ಕಿಂತ ಮೊದಲು ಇವು ಮನೆಗೆ ಬರಬೇಕು.

ಪ್ರಣತಿ
ಚರ್ಚಿಲ್ ಕ್ರೌನ್ ಬಗ್ಗೆ ಒಂದು ಸಾಲು: ಅದು ತಾಮ್ರ-ನಿಕ್ಕಲ್, ಸುಮಾರು ಎರಡು ಕೋಟಿ ಅಚ್ಚಾಗಿವೆ, ಮಾರುವವರೇ ಹೆಚ್ಚು. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಳ್ಳಿ.

ಹಳೇಪೆನ್ನಿ
ಈಗ ನನ್ನ ಮೆಚ್ಚಿನ ವಿಷಯಕ್ಕೆ ಬರುತ್ತೇನೆ. ಪೆನ್ನಿಗಳನ್ನು ಕಿಲೋ ಲೆಕ್ಕದಲ್ಲಿ ಕೊಡುವ ಮೊದಲು ಒಂದು ಸಂಜೆ ಮೇಜಿನ ದೀಪದ ಕೆಳಗೆ ಕುಳಿತುಕೊಳ್ಳಿ. 1860ರಲ್ಲಿ ತಾಮ್ರದ ದಪ್ಪ ಪೆನ್ನಿ ಹೋಗಿ 9.45 ಗ್ರಾಂ ತೂಕದ ಕಂಚಿನ ಪೆನ್ನಿ ಬಂತು. 1894ರವರೆಗೆ ರಾಣಿಯ ಕೂದಲು ತುರುಬು ಕಟ್ಟಿದ್ದಾಗಿ, ಹಿಂಬದಿಯಲ್ಲಿ ಬ್ರಿಟನ್ನಿನ ಸಂಕೇತವಾದ ಸ್ತ್ರೀರೂಪ ಬ್ರಿಟಾನಿಯಾಳ ಒಂದು ಪಕ್ಕ ದೀಪಸ್ತಂಭ, ಇನ್ನೊಂದು ಪಕ್ಕ ಹಡಗು ಇವೆ. 1895ರಿಂದ ಮುಸುಕು ಹೊದ್ದ ವೃದ್ಧ ರಾಣಿ ಬರುತ್ತಾಳೆ, ದೀಪಸ್ತಂಭವೂ ಹಡಗೂ ಮಾಯವಾಗುತ್ತವೆ; ದೀಪಸ್ತಂಭ ಮತ್ತೆ ಕಾಣಿಸಿಕೊಳ್ಳುವುದು 1937ರಲ್ಲಿ.

ಲಂಡನ್ನಿನ ಟಂಕಸಾಲೆಗೆ ಕೆಲಸ ಹೆಚ್ಚಾದಾಗ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಸಂಸ್ಥೆಗೆ ಪೆನ್ನಿಗಳನ್ನು ಅಚ್ಚು ಹಾಕಲು ಕೊಡುತ್ತಿದ್ದರು. ಅವರ ಗುರುತು ಎಚ್ ಅಕ್ಷರ. ವಿಕ್ಟೋರಿಯಾ ಕಾಲದ 1874, 1875, 1876, 1881, 1882ರ ಪೆನ್ನಿಗಳಲ್ಲಿ ಅದು ಇಸವಿಯ ಕೆಳಗಿದೆ; ಐದನೇ ಜಾರ್ಜ್ ಕಾಲದ 1912, 1918, 1919ರವುಗಳಲ್ಲಿ ಇಸವಿಯ ಎಡಕ್ಕೆ ಒರಗಿದಂತೆ ಇದೆ. 1918 ಮತ್ತು 1919ರಲ್ಲಿ ಕಿಂಗ್ಸ್ ನಾರ್ಟನ್ ಸಂಸ್ಥೆಯೂ ಅಚ್ಚು ಹಾಕಿತು, ಅವರದು ಕೆಎನ್ ಎಂಬ ಜೋಡಿ ಅಕ್ಷರ. 1912ರ ಎಚ್ ಧಾರಾಳವಾಗಿ ಸಿಗುತ್ತದೆ, ಕೆಎನ್ ಹಾಗಲ್ಲ. ಎಚ್ ಇಲ್ಲದ 1882ರ ಪೆನ್ನಿ ಬಹಳ ವಿರಳ, ಆದರೆ ಎಚ್ ಸವೆದುಹೋದ ಅಥವಾ ಯಾರೋ ಕೆರೆದು ತೆಗೆದ ಪೆನ್ನಿಗಳನ್ನು ಅದೇ ಹೆಸರಿನಲ್ಲಿ ಮಾರುವವರಿದ್ದಾರೆ.

1902ರ ಪೆನ್ನಿ ಸಿಕ್ಕರೆ ಬ್ರಿಟಾನಿಯಾಳ ಹಿಂದಿನ ಸಮುದ್ರದ ಗೆರೆಯನ್ನು ನೋಡಿ. ಅವಳ ಕಾಲುಗಳು ಒಂದರ ಮೇಲೊಂದು ಹಾಯುವ ಜಾಗಕ್ಕಿಂತ ಗೆರೆ ಕೆಳಗಿದ್ದರೆ ಅದನ್ನು ‘ಲೋ ಟೈಡ್’ ಎನ್ನುತ್ತಾರೆ, ಸಾಮಾನ್ಯ ಪೆನ್ನಿಗಿಂತ ಬೆಲೆ ಹೆಚ್ಚು. 1950 ಮತ್ತು 1951ರ ಪೆನ್ನಿಗಳು ಅಚ್ಚಾದದ್ದೇ ಕಡಿಮೆ: 1951ರಲ್ಲಿ 1,20,000 ಮಾತ್ರ, ಅದಕ್ಕೂ ಹಿಂದಿನ ವರ್ಷ ಅದರ ಎರಡರಷ್ಟು.

ಮೂರ್ತಿ, ಮಿಡ್‌ಲ್ಯಾಂಡ್ಸ್
1933ರ ಪೆನ್ನಿ ಸಿಕ್ಕರೆ ಮನೆಯನ್ನೇ ಕೊಳ್ಳಬಹುದಂತೆ!

ಹಳೇಪೆನ್ನಿ
ಅದು ಚಲಾವಣೆಗೆ ಬಂದದ್ದೇ ಅಲ್ಲ. ಹೆಚ್ಚಾಗಿ ಕಟ್ಟಡಗಳ ಅಡಿಗಲ್ಲಿನಲ್ಲಿ ಇಡುವುದಕ್ಕೆಂದು ಬೆರಳೆಣಿಕೆಯಷ್ಟು ಅಚ್ಚಾದವು, ಏಳರಷ್ಟು ಇವೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಲೀಡ್ಸ್‌ನ ಚರ್ಚೊಂದರ ಅಡಿಗಲ್ಲಿನಲ್ಲಿದ್ದ ಒಂದು 1970ರಲ್ಲಿ ಕಳುವಾಯಿತು. ಡಬ್ಬಿಯಲ್ಲಿ ಅಂಥದ್ದು ಸಿಕ್ಕರೆ, ಅದು ಬೇರೆ ಇಸವಿಯ ಕೊನೆಯ ಅಂಕಿಯನ್ನು ತಿದ್ದಿದ್ದು ಎಂದೇ ಹಿಡಿದುಕೊಂಡು ಪರೀಕ್ಷಿಸಿ.

ವನಜಾ ರಾವ್
ಸುಮಂತ್ ಅವರ ಮೂಲ ಪ್ರಶ್ನೆಗೆ, ಬೆಲೆಪಟ್ಟಿಗೂ ಕೈಗೆ ಬರುವ ಹಣಕ್ಕೂ ಇರುವ ಅಂತರಕ್ಕೆ, ಇನ್ನೂ ಉತ್ತರ ಸಿಕ್ಕಿಲ್ಲ. ಆ ಪುಸ್ತಕದಲ್ಲಿರುವುದು ವ್ಯಾಪಾರಿ ನಿಮಗೆ ಮಾರುವ ಅಂದಾಜು ಬೆಲೆ, ನಿಮ್ಮಿಂದ ಕೊಳ್ಳುವ ಬೆಲೆಯಲ್ಲ. ಅದೂ ಪ್ರತಿ ದರ್ಜೆಗೆ ಬೇರೆ ಅಂಕಣ. ಬ್ರಿಟಿಷ್ ಕ್ರಮದಲ್ಲಿ ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’, ‘ಅನ್‌ಸರ್ಕ್ಯುಲೇಟೆಡ್’ ಎಂದು ಮೇಲೇರುತ್ತಾ ಹೋಗುತ್ತದೆ. ‘ಗುಡ್’ ಎಂಬುದು ‘ಫೈನ್’ಗಿಂತಲೂ ಕೆಳಗೆ, ಬರೀ ಆಕಾರ ಉಳಿದ ನಾಣ್ಯಕ್ಕೆ. ಒಂದೇ ಇಸವಿಯ ಪೆನ್ನಿಗೆ ‘ಫೈನ್’ನಲ್ಲಿ ಕೇಳುವವರಿಲ್ಲ, ‘ಅನ್‌ಸರ್ಕ್ಯುಲೇಟೆಡ್’ನಲ್ಲಿ ಹತ್ತಾರು ಪೌಂಡು ಎಂಬುದು ನಿತ್ಯದ ಮಾತು. ಹೊಸಬರು ತಮ್ಮ ನಾಣ್ಯವನ್ನು ಎರಡು ದರ್ಜೆ ಮೇಲಿಟ್ಟು ಬೆಲೆ ಓದುತ್ತಾರೆ, ವ್ಯಾಪಾರಿ ಒಂದು ದರ್ಜೆ ಕೆಳಗಿಟ್ಟು ಹೇಳುತ್ತಾನೆ. ಜಗಳ ಶುರುವಾಗುವುದು ಅಲ್ಲಿಂದಲೇ.

ಸವೆತವನ್ನು ಎತ್ತರದ ಜಾಗಗಳಲ್ಲಿ ನೋಡಬೇಕು: ರಾಜನ ಕಿವಿಯ ಮೇಲಿನ ಕೂದಲು, ಹುಬ್ಬು, ಬ್ರಿಟಾನಿಯಾಳ ಶಿರಸ್ತ್ರಾಣ ಮತ್ತು ಎದೆ.

ಅಂಚುಗೆರೆ
ಒಂದು ತಿದ್ದುಪಡಿ. ಐದನೇ ಜಾರ್ಜ್ ಕಾಲದ ಮೊದಲ ಪೆನ್ನಿಗಳಲ್ಲಿ ಬ್ರಿಟಾನಿಯಾಳ ಮುಖ ಸಪ್ಪೆಯಾಗಿರುವುದೆಲ್ಲ ಸವೆತವಲ್ಲ. ಮುಂಬದಿಯ ರಾಜನ ತಲೆಯ ಅಚ್ಚು ತೀರಾ ಆಳವಾಗಿದ್ದುದರಿಂದ ಲೋಹವೆಲ್ಲ ಆ ಕಡೆಗೆ ಎಳೆದುಕೊಂಡು, ಹಿಂಬದಿಯಲ್ಲಿ ತಲೆಯ ನೆರಳು ಮೂಡುತ್ತಿತ್ತು. ಟಂಕಸಾಲೆ 1926ರಲ್ಲಿ ರಾಜನ ಚಿತ್ರವನ್ನು ತಿದ್ದಿತು, 1928ರಲ್ಲಿ ಇನ್ನೂ ಚಿಕ್ಕದು ಮಾಡಿತು. ತಿದ್ದಿದ ತಲೆಯ 1926ರ ಪೆನ್ನಿ ವಿರಳ. ಹಾಗಾಗಿ 1918ರ ಪೆನ್ನಿಗೆ ಬ್ರಿಟಾನಿಯಾ ಒಬ್ಬಳನ್ನೇ ನೋಡಿ ದರ್ಜೆ ಕಟ್ಟಬೇಡಿ, ಎರಡೂ ಬದಿಯನ್ನು ಒಟ್ಟಿಗೆ ಓದಿ.

ಪ್ರಣತಿ
ವ್ಯಾಪಾರಿಗಳು ಅರ್ಧ ಬೆಲೆಗೆ ಕೊಂಡು ದುಪ್ಪಟ್ಟಿಗೆ ಮಾರುತ್ತಾರೆ. ಇದನ್ನು ನಾಜೂಕಾಗಿ ಹೇಳುವ ಅಗತ್ಯವೇನಿದೆ? ನೇರವಾಗಿ ಹರಾಜಿಗೆ ಹಾಕಿಬಿಡಿ.

ಲೆಕ್ಕಿಗ
ಹರಾಜಿನ ಲೆಕ್ಕವನ್ನೂ ಬಿಡಿಸಿ ನೋಡೋಣ. ಸುತ್ತಿಗೆ 100 ಪೌಂಡಿಗೆ ಬಿತ್ತು ಎಂದುಕೊಳ್ಳಿ. ಕೊಳ್ಳುವವರ ಶುಲ್ಕ ಶೇಕಡಾ 20, ಅದರ ಮೇಲೆ ಶೇಕಡಾ 20ರ ವ್ಯಾಟ್ ಸೇರಿದರೆ ಅವರು ಕೊಡುವುದು 124 ಪೌಂಡು. ಮಾರುವವರ ಕಮಿಷನ್ ಶೇಕಡಾ 15, ಅದಕ್ಕೂ ವ್ಯಾಟ್ ಕಳೆದರೆ ನಿಮ್ಮ ಕೈಗೆ 82. ನಡುವೆ 42 ಪೌಂಡು ಕರಗಿತು. ಕೆಲವು ಹರಾಜು ಸಂಸ್ಥೆಗಳ ದರ ಇದಕ್ಕಿಂತ ಹೆಚ್ಚು, ಕೆಲವದರದ್ದು ಕಡಿಮೆ, ಚಿತ್ರ ಮುದ್ರಿಸುವುದಕ್ಕೂ ವಿಮೆಗೂ ಬೇರೆ ಹಣ ಕೇಳುವುದುಂಟು. ಒಂದೊಂದು ನಾಣ್ಯವೂ ನೂರಾರು ಪೌಂಡು ಬಾಳುವಂತಿದ್ದರೆ ಹರಾಜು ಸರಿ. ಸಾಧಾರಣ ಹಾಫ್ ಕ್ರೌನ್‌ಗಳಿಗೆ ಅದು ದುಬಾರಿ ದಾರಿ. ವ್ಯಾಪಾರಿಯೂ ಅಂಗಡಿ ಬಾಡಿಗೆ ಕಟ್ಟಬೇಕು, ಒಂದು ನಾಣ್ಯ ಎರಡು ವರ್ಷ ಗಾಜಿನ ಪೆಟ್ಟಿಗೆಯಲ್ಲೇ ಕೂತರೂ ತಾಳಿಕೊಳ್ಳಬೇಕು. ಅವರನ್ನೆಲ್ಲ ಒಂದೇ ಮಾತಿನಲ್ಲಿ ಕಳ್ಳರೆನ್ನುವುದು ನ್ಯಾಯವಲ್ಲ.

ಪ್ರಣತಿ
ಕಳ್ಳರೆಂದು ನಾನು ಹೇಳಲಿಲ್ಲ. ಅರ್ಧ ಬೆಲೆ ಎಂದೆ, ಅದನ್ನು ನೀವೂ ಅಲ್ಲಗಳೆಯಲಿಲ್ಲ.

ವನಜಾ ರಾವ್
ಇಬ್ಬರೂ ಸ್ವಲ್ಪ ನಿಧಾನಿಸಿ. ಇಬೇಯಲ್ಲಿ ಮಾರಾಟಗಾರರು ಕೇಳುತ್ತಿರುವ ಬೆಲೆ ಬರೀ ಆಸೆಯ ಬೆಲೆ. ‘ಮಾರಾಟವಾದವು’ ಎಂಬುದನ್ನು ಆರಿಸಿ ನೋಡಿದರೆ ಜನ ನಿಜವಾಗಿ ಎಷ್ಟು ಕೊಟ್ಟಿದ್ದಾರೆಂದು ತಿಳಿಯುತ್ತದೆ. ದೊಡ್ಡ ಹರಾಜು ಸಂಸ್ಥೆಗಳೂ ಹಿಂದಿನ ಫಲಿತಾಂಶಗಳನ್ನು ತೆರೆದಿಡುತ್ತವೆ. ಅದನ್ನು ಕೈಯಲ್ಲಿಟ್ಟುಕೊಂಡು ಕನಿಷ್ಠ ಮೂವರು ವ್ಯಾಪಾರಿಗಳ ಬಳಿ ಹೋಗಿ. ನಾಣ್ಯ ವ್ಯಾಪಾರಿಗಳ ಸಂಘವಾದ ಬ್ರಿಟಿಷ್ ನ್ಯೂಮಿಸ್ಮ್ಯಾಟಿಕ್ ಟ್ರೇಡ್ ಅಸೋಸಿಯೇಷನ್‌ನ ಸದಸ್ಯರಿಗೆ ಒಂದು ನೀತಿಸಂಹಿತೆ ಇದೆ, ತಕರಾರು ಬಂದರೆ ಕೇಳುವ ಜಾಗವಿದೆ. ನಾಣ್ಯ ಮೇಳಗಳಿಗೆ ಹೋದರೆ ಒಂದೇ ಸಭಾಂಗಣದಲ್ಲಿ ಹತ್ತು ಮೇಜುಗಳ ಬೆಲೆ ಕೇಳಬಹುದು, ಮತ್ತು ಕೈಯಲ್ಲಿ ಹಿಡಿದು ನೋಡಿದಷ್ಟು ಕಲಿಕೆ ಚಿತ್ರ ನೋಡಿದರೆ ಆಗುವುದಿಲ್ಲ.

ಕೊಳ್ಳುವಾಗಲೂ ಒಂದು ವ್ಯತ್ಯಾಸ ನೆನಪಿರಲಿ: ವ್ಯಾಪಾರಿಯಿಂದ ಅಂತರ್ಜಾಲದ ಮೂಲಕ ಕೊಂಡದ್ದನ್ನು ಸಾಮಾನ್ಯವಾಗಿ 14 ದಿನಗಳೊಳಗೆ ರದ್ದು ಮಾಡುವ ಹಕ್ಕಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ಹಕ್ಕಿಲ್ಲ.

ಹೊಲದ ಹುಡುಕಾಟ
ನಾನು ಲೋಹಶೋಧಕ ಹಿಡಿದು ಹೊಲ ಸುತ್ತುವವನು. ಕೆಲವರು ಮೇಳಗಳಲ್ಲಿ ಮಣ್ಣು ಮೆತ್ತಿದ ಮಧ್ಯಯುಗದ ಬೆಳ್ಳಿ ಪೆನ್ನಿಗಳನ್ನು ‘ಈಗಷ್ಟೇ ಸಿಕ್ಕಿದ್ದು’ ಎಂದು ಮಾರುತ್ತಾರೆ. ಒಂದನೇ ಎಡ್ವರ್ಡ್ ಕಾಲದ, ಅಂದರೆ 1279ರ ಸುಧಾರಣೆಯ ನಂತರದ ಉದ್ದ ಶಿಲುಬೆಯ ಪೆನ್ನಿಗಳು ಇಂದಿಗೂ ಕೈಗೆಟಕುವ ಬೆಲೆಗೆ ಸಿಗುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಮೂಲ ಕೇಳದೆ ಕೊಳ್ಳಬೇಡಿ. 1996ರ ನಿಧಿ ಕಾಯ್ದೆಯಂತೆ ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 300 ವರ್ಷಕ್ಕೂ ಹಳೆಯ ಎರಡು ಅಥವಾ ಹೆಚ್ಚು ಚಿನ್ನ ಬೆಳ್ಳಿಯ ನಾಣ್ಯಗಳು ಒಂದೇ ಕಡೆ ಸಿಕ್ಕರೆ 14 ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಬೇರೆ ಲೋಹವಾದರೆ ಹತ್ತು ನಾಣ್ಯಗಳ ಲೆಕ್ಕ. ಸ್ಕಾಟ್ಲೆಂಡ್‌ನಲ್ಲಿ ಕಾನೂನೇ ಬೇರೆ, ಅಲ್ಲಿ ಇನ್ನೂ ಬಿಗಿ.

ಸುಮಂತ
ನನ್ನ ಡಬ್ಬಿಯಲ್ಲಿ ಅಷ್ಟು ಹಳೆಯದು ಯಾವುದೂ ಇಲ್ಲ, ಆದರೂ ತಿಳಿದದ್ದು ಒಳ್ಳೆಯದಾಯಿತು. ಒಂದು ವಿಷಯ ಕೇಳಬೇಕು. ಸಾವರಿನ್ ಮತ್ತು ಬೆಳ್ಳಿಯನ್ನು ಮಾರಿದರೆ ತೆರಿಗೆ ಕಟ್ಟಬೇಕೇ?

ಲೆಕ್ಕಿಗ
1837 ಮತ್ತು ಆನಂತರ ಅಚ್ಚಾದ ಸಾವರಿನ್‌ಗಳು ಬ್ರಿಟನ್ನಿನ ಕರೆನ್ಸಿ ಎಂದು ಪರಿಗಣಿತವಾಗಿರುವುದರಿಂದ ಬಂಡವಾಳ ಲಾಭ ತೆರಿಗೆಯಿಂದ ಹೊರಗಿವೆ. ಉಳಿದ ಹಳೆಯ ನಾಣ್ಯಗಳು ವೈಯಕ್ತಿಕ ವಸ್ತುಗಳ ಗುಂಪಿಗೆ ಬರುತ್ತವೆ. ಒಂದೊಂದನ್ನು 6,000 ಪೌಂಡಿನೊಳಗೆ ಮಾರಿದರೆ ಆ ತೆರಿಗೆಯ ಮಾತಿಲ್ಲ, ಆದರೆ ಒಂದು ಸೆಟ್ ಅನ್ನು ಒಬ್ಬರಿಗೇ ಬಿಡಿಬಿಡಿಯಾಗಿ ಮಾರಿ ಮಿತಿ ತಪ್ಪಿಸಿಕೊಳ್ಳಲಾಗದು. ಲಾಭಕ್ಕೆಂದು ಕೊಂಡು ಮಾರುತ್ತಾ ಹೋದರೆ ಅದು ವ್ಯಾಪಾರ. ಆಗ ವರ್ಷಕ್ಕೆ 1,000 ಪೌಂಡಿನ ವಹಿವಾಟಿನ ವಿನಾಯಿತಿ ದಾಟಿದ ಮೇಲೆ ಲೆಕ್ಕ ಒಪ್ಪಿಸಬೇಕು. 2024ರಿಂದ ಅಂತರ್ಜಾಲ ಮಾರುಕಟ್ಟೆಗಳು ವರ್ಷಕ್ಕೆ 30 ಅಥವಾ ಹೆಚ್ಚು ವಸ್ತು ಮಾರಿದವರ ವಿವರವನ್ನು ತೆರಿಗೆ ಇಲಾಖೆಗೆ ಕಳಿಸುತ್ತವೆ. ವಿವರ ಹೋಯಿತೆಂದ ಮಾತ್ರಕ್ಕೆ ತೆರಿಗೆ ಬಿತ್ತೆಂದಲ್ಲ, ಹೆದರಬೇಡಿ. ಕೊಂಡ ಬೆಲೆಯ ಚೀಟಿ ಇಟ್ಟುಕೊಳ್ಳಿ.

ಮೂರ್ತಿ, ಮಿಡ್‌ಲ್ಯಾಂಡ್ಸ್
ಹಳೆಯ ನಾಣ್ಯಗಳ ತಲೆನೋವೇ ಬೇಡ, ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ನ ಚಿತ್ರವಿರುವ 2009ರ 50 ಪೆನ್ಸ್ ಹುಡುಕಿ. ಅಂಗಡಿಯ ಚಿಲ್ಲರೆಯಲ್ಲೇ ಸಿಗಬಹುದು.

ಅಂಚುಗೆರೆ
2,10,000 ಮಾತ್ರ ಬಿಡುಗಡೆಯಾದ ನಾಣ್ಯ ಅದು, ಚಿಲ್ಲರೆಯಲ್ಲಿದ್ದವನ್ನು ಜನ ಎಂದೋ ಹೆಕ್ಕಿಕೊಂಡಿದ್ದಾರೆ. ನಕಲಿಗಳೂ ಹೇರಳ. ನಾವು ಹಳೆಯ ನಾಣ್ಯಕ್ಕೇ ಹಿಂದಿರುಗೋಣ.

ನಕಲಿಯ ಮಾತು ಬಂತು, ಹೇಳಿಬಿಡುತ್ತೇನೆ. 1847ರ ಗಾಥಿಕ್ ಕ್ರೌನ್ ಅಚ್ಚಾದದ್ದು 8,000ದಷ್ಟು, ಆದರೆ ಅಂತರ್ಜಾಲದಲ್ಲಿ ದಿನವೂ ಅದು ಮಾರಾಟಕ್ಕಿರುತ್ತದೆ. ಬಹುಪಾಲು ಪ್ರವಾಸಿಗರಿಗೆ ಮಾರುವ ನಕಲು. ತೂಕ ಎರಡು ಮೂರು ಗ್ರಾಂ ಕಡಿಮೆ ಬಂದರೆ ಅಲ್ಲಿಗೆ ಮುಗಿಯಿತು. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ, ಕಂಚೂ ಅಲ್ಲ. ಅಂಚಿನ ಗೆರೆಗಳ ನಡುವೆ ಸುತ್ತಲೂ ಒಂದು ತೆಳು ಸಂದು ಕಂಡರೆ ಎರಕ ಹೊಯ್ದದ್ದು. ಅಕ್ಷರಗಳ ಅಂಚು ಕರಗಿದ ಮೇಣದಂತೆ ದುಂಡಾಗಿದ್ದರೂ, ಚಿತ್ರವಿಲ್ಲದ ಸಮತಟ್ಟು ಜಾಗದಲ್ಲಿ ಸಣ್ಣ ಗುಳಿಗಳಿದ್ದರೂ ಅದೇ ಸಂಶಯ. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು, ಒಳ್ಳೆಯ ಬೆಳ್ಳಿಯಲ್ಲೇ ಅಚ್ಚು ಹಾಕಿದ ಖೋಟಾಗಳಿವೆ.

ತಕ್ಕಡಿ
ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ದರ್ಜೆ ಮುದ್ರಿಸಿ ಕೊಡುವ ಸಂಸ್ಥೆಗಳ ನಾಣ್ಯವನ್ನೇ ಕೊಂಡರೆ ಈ ರಗಳೆಯಿಲ್ಲ.

ಅಂಚುಗೆರೆ
ಪೆಟ್ಟಿಗೆಯನ್ನೂ ನಕಲು ಮಾಡುತ್ತಾರೆ, ತಕ್ಕಡಿಯವರೇ. ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿನ ಚಿತ್ರದೊಂದಿಗೆ ನಾಣ್ಯದ ಗೀರುಗಳನ್ನು ಹೋಲಿಸಬೇಕು. ಇಪ್ಪತ್ತು ಪೌಂಡಿನ ನಾಣ್ಯಕ್ಕೆ ದರ್ಜೆಯ ಶುಲ್ಕ ಕಟ್ಟುವುದು ಹೇಗೂ ಲಾಭದ ಬಾಬತ್ತಲ್ಲ.

ಹಳೇಪೆನ್ನಿ
ಸಂಗ್ರಹ ಹೇಗೆ ಆರಂಭಿಸುವುದೆಂದು ಸುಮಂತ್ ಅವರು ಕೇಳಿದ್ದರು. ನನ್ನ ಮಾತು ಕೇಳುವುದಾದರೆ ಫಾರ್ದಿಂಗ್ ಹಿಡಿಯಿರಿ. ಪೆನ್ನಿಯ ಕಾಲುಭಾಗದ ಈ ಪುಟ್ಟ ನಾಣ್ಯದ ಕಂಚಿನ ಸರಣಿ 1860ರಿಂದ 1956ರವರೆಗೆ ಓಡುತ್ತದೆ, 1937ರಿಂದ ಅದರ ಹಿಂಬದಿಯಲ್ಲಿ ರೆನ್ ಎಂಬ, ಗುಬ್ಬಿಗಿಂತಲೂ ಪುಟ್ಟ ಹಕ್ಕಿ ಕೂತಿದೆ. ಹೆಚ್ಚಿನ ಇಸವಿಗಳು ಅಗ್ಗ, ಚೆನ್ನಾಗಿರುವ ನಾಣ್ಯಗಳೂ ಸಿಗುತ್ತವೆ, ಕಣ್ಣು ಪಳಗುತ್ತದೆ. ಇದ್ದಬದ್ದ ರಾಜರನ್ನೆಲ್ಲ ಒಟ್ಟಿಗೆ ಗುಡ್ಡೆ ಹಾಕಲು ಹೊರಟವರ ಸಂಗ್ರಹ ಕೊನೆಗೆ ಇನ್ನೊಬ್ಬರ ಡಬ್ಬಿಯಾಗಿ ಮಾರಾಟವಾಗುವುದನ್ನು ಮೇಳದಲ್ಲಿ ಎಷ್ಟೋ ಸಲ ನೋಡಿದ್ದೇನೆ.

ವನಜಾ ರಾವ್
ಫಾರ್ದಿಂಗ್ ಸರಿ. ಜೊತೆಗೆ ಇಡುವ ಬಗೆಯನ್ನೂ ಹೇಳಿ. ಹಳೆಯ ಮೆತ್ತನೆಯ ಪಿವಿಸಿ ಹಾಳೆಗಳ ಆಲ್ಬಂ ಬೇಡವೇ ಬೇಡ, ಕಾಲಕ್ರಮೇಣ ಅದರಿಂದ ಹಸಿರು ಜಿಡ್ಡು ಒಸರಿ ನಾಣ್ಯವನ್ನು ಕೊರೆಯುತ್ತದೆ. ಆಮ್ಲರಹಿತ ಕಾಗದದ ಲಕೋಟೆ ಅಥವಾ ಗಟ್ಟಿ ಕ್ಯಾಪ್ಸೂಲ್ ಸಾಕು. ಕಿಲುಬು ಹಿಡಿದ ಪೆನ್ನಿಯನ್ನು ಉಳಿದವುಗಳಿಂದ ಬೇರೆ ಇಡಿ. ಮತ್ತು ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು.

ಸುಮಂತ
ಹೊಸ ತಕ್ಕಡಿ ಬಂದಿದೆ. ಡಬಲ್ ಫ್ಲೋರಿನ್ 22.58 ಗ್ರಾಂ ತೂಗಿತು, ಇಸವಿಯ ಮೊದಲ ಅಂಕಿ ನೇರ ಕಂಬವೇ ಆಗಿದೆ, ಅದನ್ನು ಇಟ್ಟುಕೊಳ್ಳುತ್ತೇನೆ. ಹಾಫ್ ಕ್ರೌನ್‌ಗಳಲ್ಲಿ 1930ರದ್ದು ಒಂದು ಸಿಕ್ಕಿತು, ತೀರಾ ಸವೆದಿದೆ. ಉಳಿದ ಸವೆದ ಬೆಳ್ಳಿಯನ್ನು ತೂಕದ ಮೇಲೆ ಕೊಡಲು ನಿಶ್ಚಯಿಸಿದ್ದೇನೆ. ಇನ್ನೊಬ್ಬ ವ್ಯಾಪಾರಿ ಮೊದಲಿನವರಿಗಿಂತ ಹೆಚ್ಚು ಹೇಳಿದ್ದಾರೆ. ಪೆನ್ನಿಗಳಲ್ಲಿ 1919ರ ಕೆಎನ್ ಒಂದು ಕಾಣಿಸಿತು, ಅದನ್ನು ಯಾರಾದರೂ ಬಲ್ಲವರಿಗೆ ತೋರಿಸುವೆ. ಸಾವರಿನ್ 7.97 ಗ್ರಾಂ ಇದೆ. ಅದನ್ನು ದೂರದ ಊರಿನವರೊಬ್ಬರು ಕೇಳುತ್ತಿದ್ದಾರೆ. ಅಂಚೆಯಲ್ಲಿ ಕಳಿಸಬಹುದೇ? ಎಲ್ಲಿ ಅಚ್ಚಾದದ್ದೆಂದೂ ಅವರು ಕೇಳಿದ್ದಾರೆ.

ತಕ್ಕಡಿ
7.98 ಇರಬೇಕಾದ್ದು, 7.97 ಸರಿಯಾಗಿಯೇ ಇದೆ. 22 ಕ್ಯಾರೆಟ್, ಅದರಲ್ಲಿ ಶುದ್ಧ ಚಿನ್ನ 7.32 ಗ್ರಾಂ. ಕೊಂಡಿ ಬೆಸೆದ ಗುರುತಿರುವುದರಿಂದ ಸಂಗ್ರಾಹಕರ ಬೆಲೆ ಬರುವುದಿಲ್ಲ, ಚಿನ್ನದ ಬೆಲೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಗುರುತಿನ ಚಿತ್ರವನ್ನು ಕೊಳ್ಳುವವರಿಗೆ ಮೊದಲೇ ಕಳಿಸಿ, ಆಮೇಲೆ ತಕರಾರು ಬೇಡ. ರಾಯಲ್ ಮೇಲ್‌ನಲ್ಲಿ ಸ್ಪೆಷಲ್ ಡೆಲಿವರಿಯನ್ನೇ ಆರಿಸಿ, ಪರಿಹಾರದ ಮಿತಿ ನಾಣ್ಯದ ಬೆಲೆಗೆ ಸಾಲುವಂತಿರಬೇಕು. ಸಹಿ ಪಡೆದು ತಲುಪಿಸುವ ಸಾಮಾನ್ಯ ‘ಸೈನ್ಡ್ ಫಾರ್’ ಸೇವೆಗೆ ಚಿನ್ನದ ಹೊಣೆ ಇಲ್ಲ. ಹಣ ಖಾತೆಗೆ ಬಂದು ನಿಂತ ಮೇಲೆ ಲಕೋಟೆ ಮುಚ್ಚಿ, ಮೇಲೆ ‘ನಾಣ್ಯ’ ಎಂಬ ಪದವನ್ನೇ ಬರೆಯಬೇಡಿ.

ಅಂಚುಗೆರೆ
ಟಂಕಸಾಲೆಯ ಗುರುತಿಗೆ ಹಿಂಬದಿ ನೋಡಿ. 1911ರಲ್ಲಿ ಲಂಡನ್ ಅಲ್ಲದೆ ಸಿಡ್ನಿ, ಮೆಲ್ಬರ್ನ್, ಪರ್ತ್, ಒಟ್ಟಾವಾಗಳಲ್ಲೂ ಸಾವರಿನ್ ಅಚ್ಚಾಗುತ್ತಿತ್ತು. ಕುದುರೆಯ ಕಾಲುಗಳ ಕೆಳಗೆ ನೆಲದ ಗೆರೆಯಿದೆ, ಅದರ ಕೆಳಗೆ ಇಸವಿ. ಇಸವಿಯ ನಡುಭಾಗಕ್ಕೆ ಸರಿಯಾಗಿ ಮೇಲೆ, ಆ ನೆಲದ ಪಟ್ಟಿಯಲ್ಲೇ ಎಸ್, ಎಂ, ಪಿ ಅಥವಾ ಸಿ ಎಂಬ ಚಿಕ್ಕ ಅಕ್ಷರ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಅದು ಲಂಡನ್ನಿನದು.

ಸುಮಂತ
ಎಸ್ ಇದೆ.